ಏಳು ಮುಖದ ಬಟ್ಟೆ

ಆ ಬ್ಯಾಂಕಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೋಟಿಸು ಬರುತ್ತದೆ ಎಂದು ವಕೀಲರೊಬ್ಬರು ಹೆದರಿಸಿದ್ದಾರೆ. ಮುಖಗಳ ಬಗ್ಗೆ ಮಾತ್ರ ಹೇಳುತ್ತೇನೆ. ಆ ಏಳು ಮುಖಗಳನ್ನು ಹೊಲಿದವಳು ನಾನೇ. ಯಾವ ಗಲ್ಲಕ್ಕೆ ಎಷ್ಟು ನೂಲು ಹಿಡಿಯಿತು ಎಂದು ಇವತ್ತು ಕೇಳಿದರೂ ಹೇಳಬಲ್ಲೆ.

ನನ್ನ ಹೆಸರು ರಂಜನಾ. ಊರು ಗದಗ ಕಡೆ. ಇಪ್ಪತ್ತೆರಡು ವರ್ಷದಿಂದ ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ, ಚಾಳಿನ ಒಂದು ಖೋಲಿಯಲ್ಲಿ ಇದ್ದೇವೆ. ನಾನು, ನನ್ನ ಗಂಡ, ನನ್ನ ಅತ್ತೆ ರುದ್ರವ್ವ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಅತ್ತೆಯೇ ಕಲಿಸಿದ್ದಳು. ಪೊಲೀಸ್ ಠಾಣೆಯಲ್ಲಿ ಒಂದೇ ದಿನ ಮೂರು ಸಲ ಹೇಳಿಸಿದರು. ಅಲ್ಲಿಗೆ ಆ ನಾಚಿಕೆ ಮುಗಿಯಿತು. ಅವನ ಹೆಸರು ಹಣಮಂತ.

ಹಣಮಂತ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹೆಗಲಿಗೆ ಚೀಲ ಹಾಕಿಕೊಂಡು ಹೊರಟರೆ ಸ್ಟೇಷನ್ ಮುಂದೆ ಹೂ ಮಾರುವವರು, ಇಡ್ಲಿ ಗಾಡಿಯವರು, ಉಡುಪಿ ಹೋಟೆಲಿನ ಹಿಂದೆ ಪಾತ್ರೆ ತೊಳೆಯುವವರು, ನಾಕಾದಲ್ಲಿ ಕೂಲಿಗೆ ನಿಲ್ಲುವ ನಮ್ಮ ಕಡೆಯ ಮಂದಿ, ಎಲ್ಲರ ಹತ್ತಿರ ನಿಂತು ಇಪ್ಪತ್ತೋ ಐವತ್ತೋ ಇಸಿದುಕೊಂಡು ಪಾಸ್‌ಬುಕ್ಕಿನಲ್ಲಿ ಬರೆದು ಸಹಿ ಹಾಕುತ್ತಿದ್ದ. ಸಂಜೆ ಬ್ಯಾಂಕಿನಲ್ಲಿ ಕಟ್ಟುತ್ತಿದ್ದ. ನೂರಕ್ಕೆ ಮೂರು ಅವನ ಕಮಿಷನ್. ಹನ್ನೊಂದು ವರ್ಷ ಮಾಡಿದ. ಜ್ವರ ಬಂದಾಗಲೂ ಹೋದ. ವಾಕೋಲಾ ನಾಲಾ ಉಕ್ಕಿ ಗಲ್ಲಿಯಲ್ಲಿ ಮೊಣಕಾಲಿಗೆ ನೀರು ನಿಂತಾಗಲೂ ಚೀಲವನ್ನು ತಲೆ ಮೇಲೆ ಇಟ್ಟುಕೊಂಡು ಹೋದ.

ಈ ಜನ ಬ್ಯಾಂಕಿನ ಒಳಗೆ ಕಾಲಿಟ್ಟವರಲ್ಲ. ಗಾಜಿನ ಬಾಗಿಲು, ಒಳಗೆ ಎಸಿ, ಬಾಗಿಲಲ್ಲಿ ವಾಚ್‌ಮನ್. ಸಿಮೆಂಟು ಹತ್ತಿದ ಕಾಲು ಕಂಡರೆ ಸಾಕು, 'ಕ್ಯಾ ಕಾಮ್ ಹೈ' ಎಂದು ಅಡ್ಡ ನಿಲ್ಲುತ್ತಿದ್ದ. ಹಾಗಾಗಿ ಇವರ ಪಾಲಿಗೆ ಬ್ಯಾಂಕು ಅಂದರೆ ಹಣಮಂತ. ಯಾರಾದರೂ ಅನುಮಾನ ಪಟ್ಟು, "ಹಣಮಂತಾ, ಈ ಬ್ಯಾಂಕ್ ಯಾರದೋ?" ಎಂದು ಕೇಳಿದರೆ ಅವನದು ಒಂದೇ ಉತ್ತರ.

"ನಂದ ಅಂತ ತಿಳಕೋರಿ. ನಾ ಎಲ್ಲಿ ಓಡಿ ಹೊಕ್ಕೀನಿ? ನನ್ನ ಮನಿ ನೋಡೀರಿ ಹೌದಿಲ್ಲೊ?"

ನಾಲ್ಕು ಮಂದಿಯ ಮುಂದೆ ಹಾಗೆ ಅನ್ನುವಾಗ ಅವನ ಎದೆ ಒಂದು ಇಂಚು ಮೇಲೆ ಬರುತ್ತಿತ್ತು. ನನಗೂ ಒಳಗೊಳಗೇ ಖುಷಿ. ಹುಟ್ಟಿದಾಗಿನಿಂದ ಯಾವುದನ್ನೂ ನಂದು ಎಂದು ಹೇಳದ ಮನುಷ್ಯ ಒಂದು ಬ್ಯಾಂಕನ್ನೇ ನಂದು ಅಂದ. ಅದೇ ಅವನ ತಪ್ಪು. ಬೇರೆ ಯಾವ ತಪ್ಪೂ ಅವನು ಮಾಡಿಲ್ಲ.

ನನ್ನ ಕೆಲಸ ಕಸೂತಿ. ಅತ್ತೆ ಕಲಿಸಿದ್ದು. ಗ್ರಾಂಟ್ ರೋಡಿನಲ್ಲಿ ಒಂದು ಲಾಡ್ಜಿನ ಮೇಲಿನ ಮಾಳಿಗೆಯಲ್ಲಿ ಅನುರಾಧಾ ಮ್ಯಾಡಂ ಕಲಾಕೇಂದ್ರ ನಡೆಸುತ್ತಾರೆ. ಧಾರವಾಡ ಮೂಲದವರು, ಮುಂಬೈಯಲ್ಲೇ ಹುಟ್ಟಿ ಬೆಳೆದವರು. ನಮ್ಮಂಥ ಹೆಂಗಸರಿಂದ ಹೊಲಿಸಿ ದೊಡ್ಡ ಅಂಗಡಿಗಳಿಗೆ ಕೊಡುತ್ತಾರೆ. ಮೂರು ವರ್ಷದ ಹಿಂದೆ ಅವರು ನನ್ನನ್ನು ಕರೆಸಿ ಒಂದು ಫೋಟೋ ತೋರಿಸಿದರು. ಕೋಟು ಹಾಕಿದ ಏಳು ಗಂಡಸರು ಸಾಲಾಗಿ ಕೂತಿದ್ದರು.

"ಇವರು ಒಂದು ಬ್ಯಾಂಕಿನ ಡೈರೆಕ್ಟರುಗಳು ರಂಜನಾ. ಬ್ಯಾಂಕಿಗೆ ಐವತ್ತು ವರ್ಷ ಆಯ್ತು. ಬೋರ್ಡ್ ರೂಮಿಗೆ ಪೇಂಟಿಂಗ್ ಬೇಡವಂತೆ, ಕಸೂತಿಯಲ್ಲಿ ಬೇಕಂತೆ. ನಿನ್ನ ಕೈಲಿ ಆಗ್ತದಾ?"

ಬ್ಯಾಂಕಿನ ಹೆಸರು ಕೇಳಿದೆ. ಹೇಳಿದರು. ನನ್ನ ಗಂಡನ ಬ್ಯಾಂಕು.

ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆಯುವಂತಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಗೋಪುರ, ತೊಟ್ಟಿಲು, ಆನೆ ಇವು ಕೈಗೆ ಬಂದವು, ಕಣ್ಣು ಮುಚ್ಚಿ ಹೊಲಿಯಬಹುದು. ಮನುಷ್ಯನ ಮುಖ ಹಾಗಲ್ಲ. ಮ್ಯಾಡಂ ಫೋಟೋವನ್ನು ದೊಡ್ಡದು ಮಾಡಿಸಿ ಮೇಲೆ ಚೌಕುಳಿ ಹಾಕಿಸಿ ಕೊಟ್ಟರು. ಒಂದು ಚೌಕಕ್ಕೆ ಒಂದು ಹೊಲಿಗೆ. ಕೋಟಿಗೆ, ಕೂದಲಿಗೆ ಕತ್ತರಿಯಂತೆ ಅಡ್ಡ ಹಾಕುವ ಮೆಂತೆ ಹೊಲಿಗೆ, ಅದರ ಹಿಂಬದಿ ಒರಟು. ಮುಖಕ್ಕೆ ಗವಂತಿ. ಗವಂತಿ ಅಂದರೆ ಹೋದ ದಾರಿಯಲ್ಲೇ ಸೂಜಿ ವಾಪಸು ಬರಬೇಕು, ಬಿಟ್ಟ ಜಾಗ ತುಂಬಬೇಕು. ಎಲ್ಲಿಯೂ ಗಂಟು ಹಾಕುವಂತಿಲ್ಲ. ಬಟ್ಟೆ ತಿರುಗಿಸಿದರೆ ಹಿಂದೆಯೂ ಮುಂದಿನಂತೆಯೇ ಕಾಣಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕದ್ದು ಒಂದು ಗಂಟು ಹಾಕಿದ್ದಕ್ಕೆ ಅತ್ತೆ ಇಡೀ ಕುಪ್ಪಸ ಬಿಚ್ಚಿಸಿದ್ದಳು.

ಒಂಬತ್ತು ಅಡಿ ಬಟ್ಟೆ. ಐದು ತಿಂಗಳು. ನಮ್ಮ ಖೋಲಿ ಇರುವುದೇ ಹತ್ತು ಅಡಿ. ಒಗ್ಗರಣೆ ಹಾಕುವಾಗ ಬಟ್ಟೆಯನ್ನು ಚಾದರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಡಬೇಕು, ಎಣ್ಣೆ ಹೊಗೆ ತಾಗಬಾರದು. ಬೆಳಗಿನ ಬೆಳಕು ಬಾಗಿಲಲ್ಲಿ ಮಾತ್ರ. ಬಾಗಿಲಲ್ಲಿ ಕೂತು ಹೊಲಿಯುತ್ತಿದ್ದೆ. ಮೂರನೇ ತಿಂಗಳಿಗೆ ಕುತ್ತಿಗೆ ಎಡಕ್ಕೆ ತಿರುಗುವುದು ನಿಂತಿತು. ಬಲಗೈ ತೋರುಬೆರಳಿನ ತುದಿಯಲ್ಲಿ ತೂತು ಬಿದ್ದು, ಕೀವು ತುಂಬಿ, ಒಡೆದು, ಮತ್ತೆ ತೂತು ಬಿತ್ತು. ಕಣ್ಣಿಂದ ನೀರು ಸುರಿಯುತ್ತಿತ್ತು. ಅಳು ಅಲ್ಲ ಅದು, ಎಳೆ ಎಣಿಸಿದ್ದಕ್ಕೆ. ಅತ್ತೆಗೆ ಆಗಲೇ ಕಣ್ಣು ಮಂಜು. ಆದರೂ ಕೋಟುಗಳನ್ನು ಅವಳೇ ಹೊಲಿದಳು, ಬೆರಳಿನಿಂದ ಎಳೆ ಮುಟ್ಟಿ ಮುಟ್ಟಿ. ಆ ಕೆಲಸ ಮುಗಿಯುವ ಹೊತ್ತಿಗೆ ಉಳಿದಿದ್ದ ಕಣ್ಣೂ ಹೋಯಿತು. ಅದನ್ನು ಯಾರ ಲೆಕ್ಕಕ್ಕೆ ಹಾಕಲಿ?

ಮನುಷ್ಯನ ಮುಖವನ್ನು ಅಷ್ಟು ದಿನ ಅಷ್ಟು ಹತ್ತಿರದಿಂದ ಅವನ ಹೆಂಡತಿಯೂ ನೋಡಿರುವುದಿಲ್ಲ. ಏಳು ಮಂದಿಯಲ್ಲಿ ಒಬ್ಬನಿಗೂ ಕುತ್ತಿಗೆ ಇರಲಿಲ್ಲ, ಗದ್ದ ಬಂದು ಟೈ ಮೇಲೆ ಕೂತಿತ್ತು. ನಗು ಎಲ್ಲರದ್ದೂ ಒಂದೇ. ತುಟಿಯ ತುದಿ ಒಂದು ಚೌಕ ಮೇಲೆ, ಅಷ್ಟೇ. ಕಣ್ಣಿನ ಹತ್ತಿರ ಒಂದು ಚೌಕವೂ ಅಲುಗಿರಲಿಲ್ಲ. ನಡುವೆ ಕೂತವನು ಚೇರ್ಮನ್. ಅವನ ಮೂಗಿನ ಪಕ್ಕ ಒಂದು ನರೂಲಿ ಇತ್ತು. ಹೊಲಿದೆ. ಮ್ಯಾಡಂ ಫೋನು ಮಾಡಿ, ಅದನ್ನು ತೆಗೆಯಬೇಕಂತೆ, ಬಣ್ಣವನ್ನೂ ಎರಡು ಪಟ್ಟು ತಿಳಿ ಮಾಡಬೇಕಂತೆ ಅಂದರು. ಹದಿನೆಂಟು ದಿನದ ಕೆಲಸ ಬಿಚ್ಚಿ ಮತ್ತೆ ಹೊಲಿದೆ. ಬಿಚ್ಚಿದ್ದಕ್ಕೆ ಕೂಲಿ ಇಲ್ಲ.

ಹಣಮಂತನಿಗೆ ಆ ಐದು ತಿಂಗಳು ಹಬ್ಬ. ಅಷ್ಟು ವರ್ಷದಲ್ಲಿ ಅವನೂ ಆ ಮುಖಗಳನ್ನು ಕಂಡವನಲ್ಲ. ಸಾಂತಾಕ್ರೂಜ್ ಬ್ರಾಂಚಿನ ಮ್ಯಾನೇಜರು ಅವನ ಪಾಲಿನ ದೊಡ್ಡ ದೇವರು. ಚೇರ್ಮನ್ನನ ಮುಖ ಮೂಡುತ್ತಾ ಬಂದ ಹಾಗೆ ಇವನು ಮನೆಯಲ್ಲಿ ಬನಿಯನ್ ಮೇಲೆ ಕೂಡುವುದನ್ನೇ ಬಿಟ್ಟ. ಸೆಖೆಯಲ್ಲೂ ಅಂಗಿ ತೊಟ್ಟು ಗುಂಡಿ ಹಾಕಿಕೊಂಡು ಊಟಕ್ಕೆ ಕೂಡುತ್ತಿದ್ದ.

"ಯಾಕ್ರಿ, ಬಟ್ಟಿಗೆ ಅಂಜತೀರೇನು?" ಎಂದು ಛೇಡಿಸಿದೆ.

"ನಮ್ಮ ಸಾಹೇಬ್ರು ಅದಾರ ರಂಜಿ. ಅವ್ರ ಮುಂದ ಹ್ಯಾಂಗ ಬೇಕಾದ್ಹಾಂಗ ಕೂಡ್ಲಿ?" ಅಂದ. ನಗಲಿಲ್ಲ.

ಅತ್ತೆ ಗೋಡೆಗೆ ಒರಗಿ ಬೆರಳಿನಿಂದ ಚೇರ್ಮನ್ನನ ಗಲ್ಲ ತಡವಿ ನೋಡಿ, "ಇಂವ ನೂಲು ಭಾಳ ತಿಂದಾನ" ಅಂದಳು. ಆಗ ಮೂವರೂ ನಕ್ಕೆವು.

ಬಟ್ಟೆ ಕೊಡಲು ದಾದರಿನ ದೊಡ್ಡ ಆಫೀಸಿಗೆ ಹೋದೆವು. ಹಣಮಂತ ಇಸ್ತ್ರಿ ಅಂಗಿ ಹಾಕಿದ್ದ. ಸಾಮಾನು ಲಿಫ್ಟಿನಲ್ಲಿ ಹೋಗಿ ಎಂದರು. ಸಾಮಾನು ಲಿಫ್ಟಿನಲ್ಲಿ ಕಸದ ಡಬ್ಬಿಗಳ ನಡುವೆ ನಿಂತು ಹೋದೆವು. ಮೇಲೆ ಒಬ್ಬಳು ಹುಡುಗಿ ಬಟ್ಟೆ ತೆಗೆದುಕೊಂಡಳು. ಗೋಡೆಗೆ ಹಾಕಿದ್ದನ್ನು ಒಂದು ಸಲ ನೋಡುತ್ತೇವೆ ಅಂದೆ. ಫಂಕ್ಷನ್ ಪಾಸ್ ಇದ್ದವರಿಗೆ ಮಾತ್ರ ಅಂದಳು. ಹಣಮಂತ ತನ್ನ ಏಜೆಂಟ್ ಕಾರ್ಡು ತೋರಿಸಿದ. ಅವಳು ಓದಿ, "ಯೇ ಸ್ಟಾಫ್ ನಹೀ ಹೈ" ಅಂದು ವಾಪಸು ಕೊಟ್ಟಳು. ದಾದರ್ ಸ್ಟೇಷನ್ ಹೊರಗೆ ಇಬ್ಬರೂ ವಡಾಪಾವ್ ತಿಂದು ಲೋಕಲ್ ಹತ್ತಿದೆವು. ದಾರಿಯಲ್ಲಿ ಅವನು, "ಕೆಲಸ ಛಲೋ ಆತು ನೋಡು" ಅಂದ.

ಅದಾಗಿ ಎರಡು ವರ್ಷಕ್ಕೆ ಬ್ಯಾಂಕಿನ ಶಟರು ಕೆಳಗೆ ಬಂತು. ಶಟರಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಕಾಗದ. ಚೇರ್ಮನ್ ತನ್ನ ಬಿಲ್ಡರ್ ಅಳಿಯನಿಗೆ, ಅಳಿಯನ ಕಂಪನಿಗಳಿಗೆ ದುಡ್ಡು ಹಂಚಿದ್ದನಂತೆ. ಉಳಿದ ಆರು ಮಂದಿ ಸಹಿ ಹಾಕಿದ್ದರಂತೆ. ಬ್ಯಾಂಕಿನಲ್ಲಿ ಖಾತೆ ಇದ್ದವರಿಗೆ ವಿಮೆ ಇತ್ತು. ದೊಡ್ಡ ಬಿಲ್ಡಿಂಗಿನ ಫ್ಲ್ಯಾಟಿನವರು ಫಾರಂ ತುಂಬಿದರು, ಅವರಿಗೆ ದುಡ್ಡು ಬಂತು. ನಮ್ಮ ಗಲ್ಲಿಯವರೂ ಫಾರಂ ತುಂಬಲು ಹೋದರು. ಅಲ್ಲಿ ಪಾಸ್‌ಬುಕ್ ತಿರುಗಿಸಿ ನೋಡಿ ಹೇಳಿದರು: ನಿಮ್ಮದು ಬ್ಯಾಂಕಿನಲ್ಲಿಲ್ಲ, ಕ್ರೆಡಿಟ್ ಸೊಸೈಟಿಯಲ್ಲಿದೆ. ಅದೇ ಕಟ್ಟಡ, ಅದೇ ಕೌಂಟರು, ಅದೇ ಏಳು ಜನ. ಪಾಸ್‌ಬುಕ್ಕಿನ ಕೆಳಗೆ ಅಕ್ಕಿ ಕಾಳಿನಷ್ಟು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಸೊಸೈಟಿಗೆ ವಿಮೆ ಇಲ್ಲ. ಬಡವರ ದುಡ್ಡನ್ನೇ ಆರಿಸಿ ಆರಿಸಿ ವಿಮೆ ಇಲ್ಲದ ಕಡೆ ಇಟ್ಟಿದ್ದರು. ಹಣಮಂತ ನಾಲ್ಕನೇ ಇಯತ್ತೆ ಓದಿದವನು. ಅಂಕಿ ಗೊತ್ತು, ಇಂಗ್ಲಿಷು ಗೊತ್ತಿಲ್ಲ. ನಮ್ಮ ಸ್ವಂತದ ಪಿಗ್ಮಿಯೂ ಅದರಲ್ಲೇ ಇತ್ತು.

ಬ್ಯಾಂಕಿನವರನ್ನು ಕೇಳಿದರೆ, "ಅವನು ನಮ್ಮ ನೌಕರ ಅಲ್ಲ, ಕಮಿಷನ್ ಏಜೆಂಟ್" ಅಂದರು. ಪೊಲೀಸರನ್ನು ಕೇಳಿದರೆ, "ದುಡ್ಡು ಇಸಿದುಕೊಂಡವನು ಇವನೇ ಅಲ್ವಾ, ಸಹಿ ಇವನದೇ ಅಲ್ವಾ" ಅಂದರು. ಎರಡು ದಿನ ಕೂರಿಸಿಕೊಂಡು ಬಿಟ್ಟರು. ಬಿಟ್ಟ ದಿನವೇ ವಾಕೋಲಾ ಬ್ರಿಜ್ ಕೆಳಗೆ ಭಾಜಿ-ತರಕಾರಿ ಮಾರುವವರು ಅವನನ್ನು ಹಿಡಿದರು. ಚಪ್ಪಲಿಯಿಂದ ಹೊಡೆದರು. ಒಬ್ಬ ರಿಕ್ಷಾದ ಹಳೇ ಇಂಜಿನ್ ಆಯಿಲ್ ತಂದು ಮುಖಕ್ಕೆ ಬಳಿದ. ಹೊಡೆದವರೆಲ್ಲ ಪರಿಚಯದವರು. ಹನ್ನೊಂದು ವರ್ಷ ಇವನಿಗೆ ಚಾ ಕುಡಿಸಿದವರು.

ಆ ಎಣ್ಣೆ ನೀರಿಗೆ ಹೋಗಲಿಲ್ಲ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿದೆ, ಮೇಲೆ ಕಡಲೆಹಿಟ್ಟು ತಿಕ್ಕಿದೆ. ಅವನು ಮಗುವಿನ ಹಾಗೆ ಮುಖ ಕೊಟ್ಟು ಕೂತಿದ್ದ. ಕಿವಿಯ ಸಂದಿನಲ್ಲಿ, ಹುಬ್ಬಿನ ಬುಡದಲ್ಲಿ ಮೂರು ದಿನ ಕಪ್ಪು ಉಳಿಯಿತು. ಚೇರ್ಮನ್ನನ ಮುಖದ ಬಣ್ಣ ಎರಡು ಪಟ್ಟು ತಿಳಿ ಮಾಡಿದ ಕೈ ಇದು. ನನ್ನ ಗಂಡನ ಮುಖ ತಿಳಿ ಮಾಡಲು ನನ್ನಿಂದ ಆಗಲಿಲ್ಲ.

ಅಂದಿನಿಂದ ಹಣಮಂತ ಹಗಲು ಹೊರಗೆ ಬರುವುದು ನಿಂತಿತು. ಸಂಡಾಸಿಗೆ ಬೆಳಕು ಹರಿಯುವ ಮೊದಲೇ ಹೋಗಿ ಬರುತ್ತಾನೆ. ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ. ಚಾಳಿನ ನಲ್ಲಿಗೆ ನೀರು ಬರುವುದು ಬೆಳಿಗ್ಗೆ ಎಂಟಕ್ಕೆ. ಮೊದಲು ದಿನಾ ನಾಲ್ಕು ಕೊಡ ಅವನೇ ತರುತ್ತಿದ್ದ, ಸಾಲಿನಲ್ಲಿ ನಿಂತು ಎಲ್ಲರನ್ನೂ ನಗಿಸುತ್ತಿದ್ದ. ನನಗೆ ಬೇಕಾದದ್ದು ಇಷ್ಟೇ. ನನ್ನ ಗಂಡ ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಕಣ್ಣೆದುರು ಹೋಗಿ ಒಂದು ಕೊಡ ನೀರು ತರಬೇಕು. ಹೋದ ದುಡ್ಡು ಹೋಗಲಿ. ಆ ಒಂದು ಕೊಡ ನೀರು ಬೇಕು.

ಬೈದವರು ಬೈದು ಸುಮ್ಮನಾದರು. ಸುಮ್ಮನಾಗದವನು ದಾನಪ್ಪ ಒಬ್ಬ. ವಿಜಯಪುರ ಕಡೆಯವನು, ಗಾರೆ ಕೆಲಸದ ಕೂಲಿ. ಸ್ಲ್ಯಾಬು ಹಾಕುವ ಸೆಂಟ್ರಿಂಗ್ ಪ್ಲೇಟು ಸ್ವಂತಕ್ಕೆ ಕೊಂಡು ಸಣ್ಣ ಕಂತ್ರಾಟು ಹಿಡಿಯಬೇಕೆಂದು ಒಂಬತ್ತು ವರ್ಷ ಪಿಗ್ಮಿ ಕಟ್ಟಿದ್ದ. ವಯಸ್ಸು ಐವತ್ತೆರಡು. ತಲೆ ಮೇಲೆ ಬುಟ್ಟಿ ಹೊತ್ತು ಹೊತ್ತು ನೆತ್ತಿಯಲ್ಲಿ ಕೂದಲಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ, ನಾಕಾಕ್ಕೆ ಹೋಗುವ ಮೊದಲು, ಬಂದು ನಮ್ಮ ಹೊಸ್ತಿಲ ಮೇಲೆ ಕೂಡುತ್ತಾನೆ. ಬೈಯುವುದಿಲ್ಲ, ಕೂಗುವುದಿಲ್ಲ. ಅರ್ಧ ತಾಸು ಹಣಮಂತನನ್ನು ನೋಡುತ್ತಾನೆ. ಎದ್ದು ಹೋಗುತ್ತಾನೆ.

ಒಂದು ದಿನ ನಾನೇ ಬಾಯಿ ಬಿಟ್ಟೆ. "ಅಣ್ಣಾ, ಇವ್ರ ಹತ್ರ ಏನ ಐತಿ? ಇವ್ರನ್ನ ನೋಡಿದ್ರ ಏನ ಬರ್ತೈತಿ?"

"ನಾ ಯಾರ ಕೈಯಾಗ ಕೊಟ್ಟೀನಿ? ಇವ್ನ ಕೈಯಾಗ. ಮತ್ತ ಯಾರನ್ನ ನೋಡ್ಲಿ ತಂಗಿ?" ಅಂದ.



ನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ಗುರುವಾರ ಅನುರಾಧಾ ಮ್ಯಾಡಂ ನಮ್ಮ ಚಾಳಿಗೇ ಬಂದರು. ಯಾವತ್ತೂ ಬಂದವರಲ್ಲ. ಡ್ರೈವರು ಹಿಂದೆ ಒಂದು ಉದ್ದನೆಯ ಸುರುಳಿ ಹೊತ್ತು ತಂದ. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು. ಹಣಮಂತ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

"ಆ ಬ್ಯಾಂಕನ್ನು ಒಂದು ದೊಡ್ಡ ಬ್ಯಾಂಕು ತಗೊಳ್ತಾ ಇದೆ ರಂಜನಾ. ಮುಂದಿನ ವಾರ ಫಂಕ್ಷನ್ನು. ಈ ಕಸೂತಿಯನ್ನು ಹೊಸ ಆಫೀಸಿನಲ್ಲಿ ಹಾಕ್ತಾರೆ. ಒಂದು ಸಣ್ಣ ಬದಲಾವಣೆ ಮಾಡ್ಬೇಕು. ನಡುವಿನವರನ್ನು ತೆಗೀಬೇಕು."

"ಚೇರ್ಮನ್ರನ್ನ?"

"ಹ್ಞೂಂ. ಅವರು ಈಗ ಇಲ್ಲ, ಟ್ರೀಟ್‌ಮೆಂಟಿಗೆ ಅಂತ ಫಾರಿನ್‌ಗೆ ಹೋಗಿದ್ದಾರೆ. ಆ ಜಾಗದಲ್ಲಿ ಒಂದು ಹಿತ್ತಾಳೆ ಸಮಯಿ ದೀಪ ಹೊಲಿದುಬಿಡು. ಶುಭ ಅನ್ನಿಸ್ತದೆ."

"ಉಳದ ಆರು ಮಂದಿ?"

"ಅವರು ಇರ್ತಾರೆ. ಹೊಸ ಬ್ಯಾಂಕಿಗೆ ಸಲಹೆಗಾರರು."

ನಾನು ಬಟ್ಟೆ ನೋಡುತ್ತಾ ಕೂತೆ. ಚೇರ್ಮನ್ ನಗುತ್ತಿದ್ದ, ಒಂದು ಚೌಕದಷ್ಟು.

"ಡಬಲ್ ಕೂಲಿ ಕೊಡಿಸ್ತೀನಿ," ಮ್ಯಾಡಂ ಅಂದರು. "ಕಸೂತಿಯಲ್ಲಿ ಗಂಟೇ ಇರೋದಿಲ್ಲ, ಬಿಚ್ಚೋದು ಸುಲಭ ಅಂತ ನೀನೇ ಹೇಳಿದ್ದೆ."

ಹೌದು, ಹೇಳಿದ್ದೆ. ಹೆಮ್ಮೆಯಿಂದ ಹೇಳಿದ್ದೆ. ಗಂಟಿಲ್ಲದ ಕೆಲಸ. ತುದಿ ಸಿಕ್ಕರೆ ಸಾಕು, ಎಳೆಯುತ್ತಾ ಹೋದರೆ ಇಡೀ ಮನುಷ್ಯ ನೂಲಾಗಿ ಕೈಗೆ ಬರುತ್ತಾನೆ. ಗಲ್ಲ ಹೋಗುತ್ತದೆ, ಸಹಿ ಹಾಕಿದ ಕೈ ಹೋಗುತ್ತದೆ. ಅವನು ಅಲ್ಲಿ ಕೂತೇ ಇರಲಿಲ್ಲ ಎಂದಾಗುತ್ತದೆ. ಇಂಥ ಅನುಕೂಲ ನನ್ನ ಗಂಡನಿಗೆ ಯಾರು ಮಾಡಿಕೊಟ್ಟರು? ಪಾಸ್‌ಬುಕ್ಕುಗಳ ಮೇಲಿನ ಅವನ ಸಹಿ ಬಿಚ್ಚುವ ಸೂಜಿ ಯಾರ ಹತ್ತಿರ ಇದೆ?

"ನಾ ಬಿಚ್ಚೂದಿಲ್ಲ ಮ್ಯಾಡಂ."

"ಏನು?"

"ಬಿಚ್ಚೂದಿಲ್ಲ. ನಾ ಹೊಲದೀನಿ, ಅಂವ ಅಲ್ಲೇ ಇರ್ಲಿ."

ಅವರ ಮುಖ ಸಣ್ಣದಾಯಿತು. ಅವರೇನು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈಯಲು ಸುಲಭವಿತ್ತು. "ನೋಡು, ನಾನು ಬೇರೆಯವರಿಂದ ಮಾಡಿಸ್ತೀನಿ, ನನಗೇನು ಕಷ್ಟ ಇಲ್ಲ. ನಿನಗೆ ದುಡ್ಡಿನ ಅಗತ್ಯ ಇದೆ ಅಂತ ಬಂದೆ. ಸೋಮವಾರದ ತನಕ ಇಲ್ಲೇ ಇರಲಿ, ಯೋಚನೆ ಮಾಡು" ಅಂದು ಸುರುಳಿ ಬಿಟ್ಟು ಹೋದರು.

ಅವರು ಹೋದ ಮೇಲೆ ಅತ್ತೆ ಕೈಚಾಚಿ ಬಟ್ಟೆ ಮುಟ್ಟಿದಳು. ತಾನು ಕಣ್ಣು ಕಳೆದುಕೊಂಡ ಕೋಟುಗಳನ್ನು ಒಂದೊಂದಾಗಿ ತಡವಿದಳು.

"ಬಿಚ್ಚಬ್ಯಾಡ," ಅಂದಳು. ಅಷ್ಟೇ ಅಂದಳು.

ಯೋಚನೆ ನನಗೆ ಬಂದದ್ದು ಶನಿವಾರ, ದಾನಪ್ಪ ಹೊಸ್ತಿಲ ಮೇಲೆ ಕೂತಿದ್ದಾಗ. ಇವರ್‍ಯಾರೂ ಆ ಮುಖಗಳನ್ನು ನೋಡೇ ಇಲ್ಲ. ಬ್ಯಾಂಕಿಗೆ ಮುಖ ಇದೆ, ಒಂದಲ್ಲ ಏಳು, ಅದು ಹಣಮಂತನದ್ದಲ್ಲ ಎಂದು ಇವರಿಗೆ ಯಾರು ತೋರಿಸಿದ್ದಾರೆ? ತೋರಿಸುತ್ತೇನೆ. ತೋರಿಸಿದರೆ ತಿಳಿಯುತ್ತದೆ. ನನಗೆ ಅಷ್ಟು ನಂಬಿಕೆ ಇತ್ತು. ಹೊಲಿಗೆಯವಳ ನಂಬಿಕೆ ಅದು, ಕಣ್ಣಿಗೆ ಕಂಡರೆ ಸಾಕು ಎಂದುಕೊಳ್ಳುವುದು.

ಭಾನುವಾರ ನಾಕಾ ಇಲ್ಲ, ಎಲ್ಲರೂ ಮನೆಯಲ್ಲೇ ಇರುತ್ತಾರೆ. ಬೆಳಿಗ್ಗೆ ನೀರು ಬರುವ ಹೊತ್ತಿಗೆ, ಮೇಲಿನ ಮಹಡಿಯಲ್ಲಿ ನಮ್ಮ ಖೋಲಿ ಮುಂದಿನ ಗ್ಯಾಲರಿಯಿಂದ ಎದುರು ಚಾಳಿಗೆ ಕಟ್ಟಿದ್ದ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಆ ಒಂಬತ್ತು ಅಡಿಯನ್ನು ಹಾಸಿ ಕ್ಲಿಪ್ಪು ಹಾಕಿದೆ. ಗಲ್ಲಿಯ ಈ ಕಡೆ ನಿಂತವರಿಗೂ ಏಳು ಮುಖ, ಆ ಕಡೆ ನಿಂತವರಿಗೂ ಏಳು ಮುಖ. ಕೋಟಿನ ಹಿಂಬದಿ ಮಾತ್ರ ಒರಟು. ಮುಖಕ್ಕೆ ಹಿಂಬದಿಯೇ ಇಲ್ಲ.

ನಲ್ಲಿಯ ಸಾಲು ಒಡೆಯಿತು. ಕೊಡ ಕೆಳಗಿಟ್ಟು ಎಲ್ಲರೂ ಮೇಲೆ ನೋಡಿದರು. ಇಪ್ಪತ್ತು ಮೂವತ್ತು ಜನ ಸೇರಿದರು. ದಾನಪ್ಪನೂ ಬಂದ. ಕೆಲವರು ಫೋನು ಹಿಡಿದರು. ನೂಲಿನ ಕೆಲಸ ಅಷ್ಟು ಚೆನ್ನಾಗಿ ಬಂದಿತ್ತು. ಅದೂ ನನ್ನದೇ ತಪ್ಪು.

ಮುಂದೆ ಬಂದವಳು ರುಕ್ಮಿಣಿಬಾಯಿ. ಸ್ಟೇಷನ್ ಪಶ್ಚಿಮದಲ್ಲಿ ಹೂ ಮಾರುವ ಮುದುಕಿ. ದಿನಕ್ಕೆ ಮೂವತ್ತರಂತೆ ಏಳು ವರ್ಷ ಕಟ್ಟಿದವಳು. ಬುಟ್ಟಿಯಲ್ಲಿ ಆಗತಾನೇ ಕಟ್ಟಿದ ಚೆಂಡು ಹೂವಿನ ಹಾರವಿತ್ತು. ಅವಳು ಚಪ್ಪಲಿ ಬಿಟ್ಟಳು. ಗ್ಯಾಲರಿಯ ಮೆಟ್ಟಿಲು ಹತ್ತಿ ಬಂದು, ಕಟಕಟೆಯಿಂದ ಆಚೆ ಬಾಗಿ, ಹಗ್ಗವನ್ನು ತನ್ನ ಕಡೆ ಎಳೆದುಕೊಂಡು, ನಡುವಿನವನ ತಲೆಯ ಮೇಲೆ ಹಾರ ಏರಿಸಿದಳು. ಸೊಂಟದ ಚೀಲದಿಂದ ಕುಂಕುಮ ತೆಗೆದು ಅವನ ಹಣೆಗೆ ಹಚ್ಚಿದಳು. ಕೈಮುಗಿದಳು.

"ಯಾವ ಮಠದ ಮಹಾರಾಜರವ್ವಾ ಇವರು?" ನನ್ನನ್ನು ಕೇಳಿದಳು. "ಮುಖದ ಮ್ಯಾಲ ಭಾಳ ತೇಜ ಐತಿ."

ಕೆಳಗಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಕೈಮುಗಿದರು.

"ಮಹಾರಾಜರಲ್ಲ ಇವರು," ಅಂದೆ. "ಇವರು ಬ್ಯಾಂಕು. ನಿಮ್ಮ ಪಿಗ್ಮಿ ತಿಂದವರು ಇವರು. ನೀ ಹಾರ ಹಾಕಿದಿ ನೋಡು ಅಂವ ಚೇರ್ಮನ್. ನಿನ್ನ ಏಳು ವರ್ಷದ ಹೂವು ಅಂವನ ಹೊಟ್ಟ್ಯಾಗ ಅದಾವ. ಇವ್ರು ಆರು ಮಂದಿ ಸಹಿ ಹಾಕಿದವರು. ನೋಡ್ರಿ, ಸರಿಯಾಗಿ ನೋಡ್ರಿ. ನನ್ನ ಗಂಡ ಅಲ್ಲ. ಇವರು."

ರುಕ್ಮಿಣಿಬಾಯಿ ಬಟ್ಟೆಯನ್ನೂ ನನ್ನನ್ನೂ ನೋಡಿದಳು. ಅವಳ ಕುಂಕುಮದ ಬೆರಳು ಗಾಳಿಯಲ್ಲೇ ನಿಂತಿತ್ತು.

"ಹಾರ ತಗಿ ಆಯಿ," ಅಂದೆ.

ಅವಳು ಕೈ ಮುಂದೆ ಮಾಡಿ ಹಿಂದೆ ತೆಗೆದುಕೊಂಡಳು. "ಏರಿಸಿದ್ದ ಹೂವು ಬಾಡೂತನಕ ಇಳಸಬಾರದವ್ವಾ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. "ನನ್ನ ಕೈಲೆ ಆಗೂದಿಲ್ಲ."

ನಾನು ತೆಗೆಯಬಹುದಿತ್ತು. ನನ್ನ ಕೈಯೂ ಹೋಗಲಿಲ್ಲ. ನಾನೂ ಅವಳ ಹಾಗೆಯೇ ಬೆಳೆದವಳು.

ಅಷ್ಟರಲ್ಲಿ ಹಿಂದೆ ಬಾಗಿಲು ಸದ್ದಾಯಿತು. ಹಣಮಂತ ಹೊರಗೆ ಬಂದಿದ್ದ. ನಾಲ್ಕು ತಿಂಗಳಲ್ಲಿ ಮೊದಲ ಸಲ ಹಗಲಿನಲ್ಲಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ. ಗಡ್ಡ ಬೆಳೆದಿತ್ತು. ಅಂಗಿ ತೊಟ್ಟಿದ್ದ. ಈಗ ಹೇಳುತ್ತಾನೆ ಅಂದುಕೊಂಡೆ. ಬೆರಳು ಮಾಡಿ ತೋರಿಸುತ್ತಾನೆ. ನಾಲ್ಕು ತಿಂಗಳು ನುಂಗಿದ್ದನ್ನೆಲ್ಲ ಉಗುಳುತ್ತಾನೆ. ಜನ ಅವನನ್ನೂ ಆ ಮುಖಗಳನ್ನೂ ಒಟ್ಟಿಗೆ ನೋಡುತ್ತಾರೆ. ಆಮೇಲೆ ಅವನು ಕೊಡ ತೆಗೆದುಕೊಂಡು ಕೆಳಗೆ ಇಳಿಯುತ್ತಾನೆ.

ಅವನು ಬಟ್ಟೆಯತ್ತ ನೋಡಿದ. ಚೇರ್ಮನ್ನನ ಮುಖ, ಹಾರ, ಕುಂಕುಮ. ಹಣಮಂತನ ಕೈ ತಾನಾಗಿ ಮೇಲೆ ಬಂತು. ಕೊರಳ ಗುಂಡಿ ಹಾಕಿಕೊಂಡ. ಬೆನ್ನು ಬಾಗಿತು. ಎರಡೂ ಕೈ ಸೇರಿದವು.

"ನಮಸ್ಕಾರ ಸಾಹೇಬ್ರ," ಅಂದ.

ಮೆಲ್ಲಗೆ ಅಂದ. ಆದರೂ ಎಲ್ಲರಿಗೂ ಕೇಳಿಸಿತು. ಅಂದ ಮೇಲೆ ಅವನಿಗೇ ಗೊತ್ತಾಯಿತು. ಕೈ ಬಿಡಿಸಿಕೊಳ್ಳಲು ನೋಡಿದ, ಅವು ಬಿಡಲಿಲ್ಲ. ಹನ್ನೊಂದು ವರ್ಷದ ಅಭ್ಯಾಸ. ಹನ್ನೊಂದೇ ವರ್ಷದ್ದೂ ಅಲ್ಲ, ಅವನಪ್ಪನದು, ಅವನ ಅಜ್ಜನದು.

ಕೆಳಗೆ ಯಾರೋ, "ನೋಡಿದ್ರೇನು, ಅವ್ರ ಮನಷ್ಯಾನ ಇಂವ" ಅಂದರು. ಇನ್ಯಾರೋ ನಕ್ಕರು.

ದಾನಪ್ಪ ನಗಲಿಲ್ಲ. ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದ. ಏಳು ಮುಖಗಳನ್ನೂ ಒಂದು ತುದಿಯಿಂದ ಇನ್ನೊಂದು ತುದಿಗೆ, ಅವಸರವಿಲ್ಲದೆ ನೋಡಿದ. ನಾನು ಹೇಳಿದ್ದನ್ನು ಅವನು ನಂಬಿದ್ದ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಮುಖ ಓದುವುದು ನನ್ನ ಕೆಲಸ.

"ಇವ್ರ ಮನಿ ಎಲ್ಲಿ ಅದಾವು ತಂಗಿ?" ಎಂದು ಕೇಳಿದ.

ಚೇರ್ಮನ್ನನ ಗಲ್ಲಕ್ಕೆ ಎಷ್ಟು ನೂಲು ಹಿಡಿಯಿತೆಂದು ನನಗೆ ಗೊತ್ತು. ಎರಡನೆಯವನ ಎಡ ಹುಬ್ಬು ಬಲ ಹುಬ್ಬಿಗಿಂತ ಮೂರು ಎಳೆ ಕೆಳಗಿದೆ, ಗೊತ್ತು. ಮನೆ ಗೊತ್ತಿಲ್ಲ.

"ಗೊತ್ತಿಲ್ಲಣ್ಣಾ," ಅಂದೆ.

ಅವನು ತಲೆ ಅಲ್ಲಾಡಿಸಿದ. ಸಿಟ್ಟಿನಿಂದಲ್ಲ.

"ನನಗೂ ಗೊತ್ತಿಲ್ಲ," ಅಂದ. "ಹಣಮಂತನ ಮನಿ ಗೊತ್ತೈತಿ."

ಅಂದವನು ಎರಡು ಹೆಜ್ಜೆ ನಡೆದು, ನಮ್ಮ ಹೊಸ್ತಿಲ ಮೇಲೆ, ದಿನಾ ಕೂಡುವ ಜಾಗದಲ್ಲೇ ಕೂತ. ಹಣಮಂತ ಅವನನ್ನು ದಾಟಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿದ. ಕೆಳಗೆ ನಲ್ಲಿಯ ಸಾಲು ಮತ್ತೆ ಕೂಡಿತು. ನೀರು ನಿಲ್ಲುವ ಹೊತ್ತಾಗಿತ್ತು.

ಸೋಮವಾರ ಮ್ಯಾಡಂ ಡ್ರೈವರನ್ನು ಕಳಿಸಿದರು. ಕುಂಕುಮದ ಕಲೆ ನೋಡಿ ಫೋನಿನಲ್ಲಿ ಅತ್ತರು. ಇನ್ನು ಮುಂದೆ ಕೆಲಸ ಇಲ್ಲ ಅಂದರು. ಗ್ರಾಂಟ್ ರೋಡಿನಲ್ಲೇ ಇನ್ನೊಬ್ಬಳು ಬಿಚ್ಚಿ ದೀಪ ಹೊಲಿದುಕೊಟ್ಟಳಂತೆ. ಬಿಚ್ಚಲು ಎರಡು ದಿನ ಸಾಕಾಯಿತಂತೆ. ಅವಳನ್ನು ನಾನು ಬೈಯುವುದಿಲ್ಲ. ಅವಳ ಮನೆಯಲ್ಲೂ ಯಾರೋ ಗೋಡೆ ಕಡೆ ಮುಖ ಮಾಡಿ ಮಲಗಿರಬಹುದು.

ಫಂಕ್ಷನ್ನಿನ ಫೋಟೋ ಫೋನಿನಲ್ಲಿ ಬಂತು. ಕೋಟು ಹಾಕಿದ ಆರು ಮಂದಿ, ನಡುವೆ ಹಿತ್ತಾಳೆಯ ದೀಪ. ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ದೀಪದ ಜ್ವಾಲೆಯ ಸುತ್ತ ಬಟ್ಟೆ ಸ್ವಲ್ಪ ಕೆಂಪಾಗಿತ್ತು, ಕುಂಕುಮ ಪೂರ್ತಿ ಹೋಗಿರಲಿಲ್ಲ. ನೋಡುವವರಿಗೆ ಅದು ಬೆಳಕಿನ ಹಾಗೆ ಕಾಣುತ್ತಿತ್ತು. ಅತ್ತೆ ಏನು ಕಾಣಿಸುತ್ತದೆ ಎಂದು ಕೇಳಿದಳು. ಛಲೋ ಬಂದೈತಿ ಅತ್ತಿ ಅಂದೆ.

ಈಗ ನಾನು ಕಲೀನಾದಲ್ಲಿ ಎರಡು ಬಿಲ್ಡಿಂಗಿನಲ್ಲಿ ಪಾತ್ರೆ ತೊಳೆಯುತ್ತೇನೆ. ದಾನಪ್ಪ ಬೆಳಿಗ್ಗೆ ಏಳಕ್ಕೆ ಬರುವುದನ್ನು ಬಿಟ್ಟಿಲ್ಲ. ಅವನಿಗೆ ಚಾ ಕೊಡುತ್ತೇನೆ, ಕುಡಿಯುತ್ತಾನೆ. ಕುಡಿಯುವಾಗಲೂ ಅವನ ಕಣ್ಣು ಒಳಗೇ ಇರುತ್ತದೆ, ಗೋಡೆ ಕಡೆ ತಿರುಗಿದ ನನ್ನ ಗಂಡನ ಬೆನ್ನಿನ ಮೇಲೆ. ಎಂಟಕ್ಕೆ ನೀರು ಬರುತ್ತದೆ. ಕೊಡ ನಾನೇ ತೆಗೆದುಕೊಂಡು ಹೋಗುತ್ತೇನೆ.